ಅಕ್ಕನ ಒಂದೇ ಒಂದು ಮಾತು

ನಾನು ನಿಮ್ಮಷ್ಟು ಚಿಕ್ಕವನಿದ್ದಾಗ ಮಟ್ಟು ಎಂಬ ಊರಿನ ನಮ್ಮ ಮನೆಯಲ್ಲಿ ನಾಲ್ಕು ಸೆಲ್ಲಿನ ಒಂದು ರೇಡಿಯೊ ಇತ್ತು. ಸುತ್ತಮುತ್ತ ಬೇರೆ ಯಾರ ಮನೆಯಲ್ಲೂ ರೇಡಿಯೊ ಇರಲಿಲ್ಲ, ಹಾಗಾಗಿ ನನ್ನ ಜಂಬಕ್ಕೆ ಮಿತಿಯೇ ಇರಲಿಲ್ಲ. ಅದರ ಚರ್ಮದ ಕವರಿನ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ.

ಆಗ ಅಕ್ಕನಿಗೆ ಹನ್ನೆರಡು ವರ್ಷ. ಶಾಲೆಯ ಮಾಸ್ಟ್ರು ಅವಳನ್ನು ಮಂಗಳೂರಿನ ಒಂದು ರೇಡಿಯೊ ನಾಟಕಕ್ಕೆ ಆರಿಸಿದ್ದರು. ಮೀನು ಹಿಡಿಯಲು ಹೋದ ತಂದೆ ಬಿರುಗಾಳಿಗೆ ಸಿಕ್ಕಿ, ಕೊನೆಗೆ ಕತ್ತಲಾಗುವ ಹೊತ್ತಿಗೆ ತಿರುಗಿ ಬರುವ ಕತೆ. ಅಕ್ಕನಿಗಿದ್ದದ್ದು ಒಂದೇ ಮಾತು. ದಂಡೆಯಲ್ಲಿ ನಿಂತು ಮನೆಯ ಕಡೆಗೆ ಕೂಗಬೇಕು: “ಅಮ್ಮಾ, ಅಪ್ಪ ಬಂದರು!”

ಇದರಲ್ಲೇನು ಕಷ್ಟ ಎನ್ನಬೇಡಿ. ನಮ್ಮ ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಕನ್ನಡಕ್ಕೆ ಬಂದರೆ ಎರಡೂ ಅದಲುಬದಲು. ಗದ್ದೆಯಲ್ಲಿ ಮುಳ್ಳು ತಪ್ಪಿಸಿಕೊಂಡು ಗುಳ್ಳಬದನೆ ಕೊಯ್ಯುತ್ತ ಅಕ್ಕ ವಾರವಿಡೀ ಅಭ್ಯಾಸ ಮಾಡಿದಳು. ನಾಲ್ಕು ಸಲ ಸರಿಯಾಗಿ ಹೇಳಿದರೆ ಐದನೆಯ ಸಲ ಅಪ್ಪ ಅಮ್ಮ ತಿರುಗಾಮುರುಗಾ ಆಗುತ್ತಿದ್ದರು. ನಾನು ಮಣ್ಣಿನಲ್ಲಿ ಹೊರಳಾಡಿ ನಗುತ್ತಿದ್ದೆ. ಅವಳು ಒಂದು ಗುಳ್ಳ ಎತ್ತಿ ನನ್ನ ಬೆನ್ನಿಗೆ ಎಸೆಯುತ್ತಿದ್ದಳು.

ಅದೇ ವಾರ ನಾನೊಂದು ಕಳ್ಳತನ ಮಾಡಿದ್ದೆ. ಎಲ್ಲರೂ ಗದ್ದೆಯಲ್ಲಿರುವಾಗ ರೇಡಿಯೊ ಹಾಕಿ ಮನಸ್ಸು ತಣಿಯುವಷ್ಟು ಸಿನಿಮಾ ಹಾಡು ಕೇಳಿದ್ದೆ. ನಾಟಕದ ದಿನ ನೋಡಿದರೆ ಸೆಲ್ಲುಗಳಲ್ಲಿ ಜೀವವೇ ಇಲ್ಲ. ಅಕ್ಕ ಅಪ್ಪನ ಜೊತೆ ಬೆಳಗಿನ ಬಸ್ಸಿಗೆ ಹೋಗಿಯಾಗಿತ್ತು. ಆಗೆಲ್ಲ ಮುಗಿದ ಸೆಲ್ಲುಗಳನ್ನು ಬಿಸಿಲಿಗೆ ಇಡುತ್ತಿದ್ದರು, ಇನ್ನೂ ಸ್ವಲ್ಪ ಹೊತ್ತು ನಡೆಯುತ್ತವೆ ಎಂದು. ನಾನೂ ಅಂಗಳದಲ್ಲಿ ಸಾಲಾಗಿ ಇಟ್ಟು ಕಾದೆ.

ಮಧ್ಯಾಹ್ನ ಅಮ್ಮ ಮತ್ತು ನಾನು ರೇಡಿಯೊಕ್ಕೆ ಕಿವಿಯಿಟ್ಟು ಕೂತೆವು. ಗಾಳಿ ಬೀಸಿತು, ಅಲೆ ಅಪ್ಪಳಿಸಿತು, ದೂರದಲ್ಲಿ ದೋಣಿ ಕಾಣಿಸಿತು. ಇನ್ನೇನು ಅಕ್ಕನ ಮಾತು ಬರಬೇಕು, ಅಷ್ಟರಲ್ಲಿ ಸ್ವರ ಸಣ್ಣಗಾಗುತ್ತ ಹೋಗಿ ನಿಂತಿತು. ಸೆಲ್ಲು ತೆಗೆದು ಉಜ್ಜಿದೆ, ತಿರುಗಿ ಹಾಕಿದೆ, ಕಡೆಗೆ ಅತ್ತೆ. ನಾಟಕ ನೇರವಾಗಿ ಪ್ರಸಾರವಾಗುತ್ತಿತ್ತು, ಹೋದದ್ದು ಹೋಯಿತು. ಹುಡುಗಿಗೆ ಬೇಜಾರಾಗುವುದು ಬೇಡ, ಚೆನ್ನಾಗಿತ್ತೆಂದೇ ಹೇಳು ಎಂದರು ಅಮ್ಮ.

ಸಂಜೆ ಅಕ್ಕ ಬಂದವಳೇ, ಕಾಲು ತೊಳೆಯುವ ಮೊದಲು, ತನ್ನ ಸ್ವರ ಹೇಗೆ ಕೇಳಿಸಿತು ಎಂದು ವಿಚಾರಿಸಿದಳು. ಅಪ್ಪನನ್ನು ಸ್ಟುಡಿಯೊದ ಒಳಗೆ ಬಿಟ್ಟಿರಲಿಲ್ಲವಂತೆ, ಅವರೂ ಕೇಳಿರಲಿಲ್ಲ.

“ಲಾಯ್ಕ ಇತ್ತು” ಎಂದೆ.

ಅಕ್ಕ ನನ್ನ ಮುಖವನ್ನು ಒಂದು ಗಳಿಗೆ ನೋಡಿ ಒಳಗೆ ಹೋದಳು. ಆ ಸುಳ್ಳು ಸುಮಾರು ಐವತ್ತು ವರ್ಷ ನನ್ನ ಹೊಟ್ಟೆಯಲ್ಲೇ ಉಳಿಯಿತು.

ಹೋದ ವರ್ಷ ಅಕ್ಕನ ಕಿವಿ ಮಂದವಾಗುತ್ತಿದೆ ಎಂದು ತಿಳಿದಾಗ ನನಗೆ ಅವಸರವಾಯಿತು. ಪೂರ್ತಿ ಕೇಳಿಸದಂತಾಗುವ ಮೊದಲು ಅವಳ ಆ ಮಾತನ್ನು ಅವಳಿಗೇ ಕೇಳಿಸಬೇಕಿತ್ತು. ರೇಡಿಯೊದವರಲ್ಲಿ ವಿಚಾರಿಸಿದೆ. ನೇರ ಪ್ರಸಾರವಾದ್ದರಿಂದ ಟೇಪು ಇಲ್ಲ ಎಂದರು. ಆಗ ನನ್ನ ಮೊಮ್ಮಗಳು ನಾಟಕದ ಕತೆಯನ್ನು ನನ್ನ ಬಾಯಲ್ಲೇ ಹೇಳಿಸಿ ವಾಟ್ಸಾಪಿಗೆ ಹಾಕಿದಳು. ಎರಡು ತಿಂಗಳಾದ ಮೇಲೆ ಅಜೆಕಾರಿನಿಂದ ಒಬ್ಬ ಕೊಂಕಣಿ ಅಜ್ಜಿ ಫೋನು ಮಾಡಿದರು. ಅವರ ಗಂಡ ದುಬಾಯಿಯಲ್ಲಿದ್ದಾಗ, ಊರಿನ ಮಾತು ಅವರ ಕಿವಿಗೆ ಬೀಳಲಿ ಎಂದು ರೇಡಿಯೊ ನಾಟಕಗಳನ್ನು ಕ್ಯಾಸೆಟ್ಟಿಗೆ ತುಂಬಿಸಿ ಕಳುಹಿಸುತ್ತಿದ್ದರಂತೆ.

“ಒಂದು ಹುಡುಗಿ ತಪ್ಪು ಹೇಳುವ ನಾಟಕ ಅಲ್ವಾ?” ಎಂದರು ಅವರು.

ನನ್ನ ಅಕ್ಕ ತಪ್ಪು ಹೇಳುವವಳೇ ಅಲ್ಲ ಎಂದು ನಾನು ಗಟ್ಟಿಯಾಗಿ ವಾದಿಸಿದೆ. ನಾಟಕ ಕೇಳದವನ ವಾದ ನೋಡಿ!

ಅವರಿಂದ ಕ್ಯಾಸೆಟ್ಟನ್ನೂ ಹಳೆಯ ಟೇಪ್ ರೆಕಾರ್ಡರನ್ನೂ ಪಡೆದು, ಮೊಮ್ಮಗಳ ಜೊತೆ ಕಾರ್ಕಳದ ಅಕ್ಕನ ಮನೆಗೆ ಹೋದೆ. ಅಕ್ಕ ಟೇಪ್ ರೆಕಾರ್ಡರನ್ನು ಕಿವಿಯ ಹತ್ತಿರ ಎಳೆದುಕೊಂಡಳು. ಗಾಳಿ, ಅಲೆ, ದೋಣಿ. ಆಮೇಲೆ ಒಂದು ಎಳೆಯ ಸ್ವರ: “ಅಪ್ಪಾ, ಅಮ್ಮ ಬಂದರು!”

ಒಂದು ಕ್ಷಣ ಬರೀ ಅಲೆಯ ಸದ್ದು. ಬಳಿಕ ತಾಯಿಯ ಪಾತ್ರದವರು ಹೇಗೋ ಸುಧಾರಿಸಿಕೊಂಡು, “ಯಾರು ಬಂದರೂ ಬರಲಿ ಮಗಳೇ, ಮೊದಲು ದೀಪ ಹಚ್ಚು” ಎಂದರು.

ನಾನು ನಕ್ಕು ನಕ್ಕು ಸುಸ್ತಾದೆ. ನಗು ನಿಂತ ಮೇಲೆ ಸೆಲ್ಲಿನ ವಿಷಯವನ್ನು, ಅಂದಿನ ಸುಳ್ಳನ್ನು ಹೇಳಿಬಿಟ್ಟೆ. ಅಕ್ಕ ಕಣ್ಣು ಒರೆಸಿಕೊಂಡಳು.

“ಅದು ನನಗೆ ಅವತ್ತೇ ಗೊತ್ತಿತ್ತು ಮಾರಾಯ. ನೀನು ಕೇಳಿದ್ದರೆ ನನ್ನನ್ನು ಸುಮ್ಮನೆ ಬಿಡುತ್ತಿದ್ದೆಯಾ? ಮನೆಯಲ್ಲಿ ಯಾರೂ ಕೇಳಲಿಲ್ಲ ಅಂತ ನನಗೆ ಎಷ್ಟು ಸಮಾಧಾನ ಆಗಿತ್ತು ಗೊತ್ತುಂಟಾ?”

ಮತ್ತೆ ಹಾಕು ಎಂದಳು. ಆ ದಿನ ಏಳು ಸಲ ಕೇಳಿದಳು.

ಮಕ್ಕಳೇ, ನಿಮ್ಮ ಅಳು, ನಗು, ಮೊದಲ ತೊದಲು ಎಲ್ಲವೂ ಫೋನಿನಲ್ಲಿ ಉಂಟು. ಬೇಕೆಂದಾಗ ಕೇಳುತ್ತೀರಿ, ಅರ್ಧಕ್ಕೆ ನಿಲ್ಲಿಸುತ್ತೀರಿ. ನಮಗೆ ಅಕ್ಕನ ಚಿಕ್ಕಂದಿನ ಸ್ವರವೆಂದು ಸಿಕ್ಕಿದ್ದು ಆ ಒಂದು ಮಾತು ಅಷ್ಟೇ. ಮೊಮ್ಮಗಳು ಈಗ ಅದನ್ನೇ ನನ್ನ ಫೋನಿನ ರಿಂಗ್‌ಟೋನ್ ಮಾಡಿದ್ದಾಳೆ. ಅಕ್ಕ ಫೋನು ಮಾಡಿದಾಗಲೆಲ್ಲ ಹನ್ನೆರಡು ವರ್ಷದ ಅಕ್ಕ ಕೂಗುತ್ತಾಳೆ. ನೀವು ನನ್ನ ಹತ್ತಿರ ಇದ್ದರೆ ಓಡಿಹೋಗಿ ಫೋನು ಎತ್ತಬೇಡಿ. ಅವಳ ಮಾತು ಪೂರ್ತಿಯಾಗಲಿ.