ಜ್ಯೋತಿಲಕ್ಷ್ಮಿಗೆ ಸಿಗದ ಸೀನು

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಮ್ಮ ಓಣಿಯ ಜ್ಯೋತಿಲಕ್ಷ್ಮಿ ಹೊಟ್ಟೆ ಹೊರೆದದ್ದೇ ಹಳ್ಳಿ ನಾಟಕಗಳಲ್ಲಿ ಅತ್ತು. ಸಿರುಗುಪ್ಪ, ಕುರುಗೋಡು ಕಡೆ ಗಂಡು ಪಾತ್ರಗಳಿಗೆ ಊರವರೇ ಮುಗಿಬೀಳುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಬಳ್ಳಾರಿಯಿಂದ ಕಲಾವಿದೆಯರನ್ನು ಕರೆಸುತ್ತಾರೆ. ಹಾಗೆ ರಾಣಿಯಾಗಿ, ರಾಜಮಾತೆಯಾಗಿ ಕೆಂಪು ಬಸ್ಸಿನಲ್ಲಿ ಓಡಾಡಿ ತಲೆ ನೆರೆತವಳು ಅವಳು.

ಬಾಯಿಪಾಠವಿದ್ದೂ ಒಂದು ಸೀನು ಮಾತ್ರ ಅವಳಿಗೆ ಎಂದೂ ಆಡಲು ಸಿಕ್ಕಿರಲಿಲ್ಲ. ಅಣ್ಣತಮ್ಮಂದಿರಿಬ್ಬರು ಒಂದು ಕೋಟೆಗಾಗಿ ಕಾದಾಡುವ ನಾಟಕ ಅದು. ಕೊನೆಗೆ ಕೋಟೆಯೂ ಸುಟ್ಟು ಹೋಗುತ್ತದೆ, ತಮ್ಮನೂ ಸಾಯುತ್ತಾನೆ, ತಾಯಿ ಮಗನ ಹೆಣ ಹುಡುಕುತ್ತಾ ರಣರಂಗಕ್ಕೆ ಬರುತ್ತಾಳೆ. ಈ ಸೀನಿಗಾಗಿಯೇ ಪುಣ್ಯಾತ್ಮ ಇಡೀ ನಾಟಕ ಬರೆದಿದ್ದಾನೆಂದು ನನ್ನ ನಂಬಿಕೆ. ಆದರೆ ನಮ್ಮ ಜನಕ್ಕೆ ಅಣ್ಣ ಗೆದ್ದರೆ ಮುಗಿಯಿತು. ಅಷ್ಟರಲ್ಲಿ ಬೆಳಕು ಹರಿದಿರುತ್ತದೆ. ಗೆದ್ದವನಿಗೆ ಹಾರಗಳು ಬೀಳುತ್ತವೆ, ಸತ್ತವರು ಎದ್ದು ಕೈಮುಗಿಯುತ್ತಾರೆ, ಮಂಗಳ ಹಾಡಿ ಎಲ್ಲರೂ ಮನೆಗೆ. ತಾಯಿ ಪರದೆ ಹಿಂದೆ ಬಣ್ಣ ಒರೆಸಿಕೊಳ್ಳುತ್ತಾಳೆ.

ಹೋದ ವರ್ಷ ಸಿರುಗುಪ್ಪ ಕಡೆಯ ಕರೂರಿನಲ್ಲಿ ಇದೇ ನಾಟಕ. ಗಡಿಯಲ್ಲಿ ಸತ್ತ ಊರಿನ ಸೈನಿಕ ರಾಮಾಂಜಿನಿಯ ನೆನಪಿಗೆಂದು ಆಡಿಸುತ್ತಿದ್ದರು. ಜ್ಯೋತಿಲಕ್ಷ್ಮಿಗೆ ಊಟ ಅವನ ತಾಯಿ ಜಂಬಮ್ಮನ ಮನೆಯಲ್ಲಿ. ಅನ್ನ ಬಡಿಸುತ್ತಾ ಜಂಬಮ್ಮ ಕೇಳಿದಳು:

"ನಾಟಕದಾಗ ಸತ್ತಾವ್ನ ತಾಯಿ ಅಳ್ತಾಳೇನವ್ವಾ?"

"ಅಳ್ತಾಳಕ್ಕಾ. ಆದ್ರ ಆ ಸೀನು ಆಡಾಕ ಬಿಡಂಗಿಲ್ಲ."

"ನನಗೂ ಬಿಡ್ಲಿಲ್ಲ. ವೀರನ ತಾಯಿ ಅಳಬಾರ್ದು ಅಂದ್ರು. ಮಗನ ಪೆಟಿಗಿ ತೆಗೀರಿ, ಮಕಾ ನೋಡ್ತೀನಿ ಅಂದ್ರ, ಬ್ಯಾಡಂದ್ರು."

ಜ್ಯೋತಿಲಕ್ಷ್ಮಿ ಅರ್ಧ ಊಟಕ್ಕೇ ಕೈತೊಳೆದು ಎದ್ದಳು. ಸೀದಾ ಹಾರ್ಮೋನಿಯಂ ಮಾಸ್ತರ ಗುರುಸ್ವಾಮಿಯ ಹತ್ತಿರ ಹೋಗಿ, ಈ ಸಲ ಆ ಸೀನು ಆಡಿಯೇ ತೀರುತ್ತೇನೆ ಎಂದಳು.

"ಹುಚ್ಚು ಹಿಡದೈತೇನು? ಜಂಬಮ್ಮನ ಸನ್ಮಾನದ ಹೊತ್ತಿನ್ಯಾಗ ಹೆಣದ ಮುಂದ ಕುಂತು ಅತ್ರ ಊರವ್ರು ಸುಮ್ನಿರ್ತಾರೇನು? ಇನ್ಮ್ಯಾಲೆ ಈ ಸೀಮಿಯಾಗ ನಿನ್ನ ಯಾರೂ ಕರೆಂಗಿಲ್ಲ ನೋಡು."

ಮಾಸ್ತರ ಹೇಳಿದ್ದು ಸುಳ್ಳಾಗಲಿಲ್ಲ. ಕರೂರಿನವರು ಆಮೇಲೆ ಅವಳನ್ನು ಕರೆಸಿಲ್ಲ. ಸುದ್ದಿ ಕೇಳಿದ ಬಾದನಹಟ್ಟಿಯವರೂ ಬೇರೆಯವಳನ್ನು ಗೊತ್ತುಮಾಡಿಕೊಂಡರು.

ಅಂದು ಬೆಳಗಾಯಿತು, ಅಣ್ಣ ಗೆದ್ದ. ಶಿಳ್ಳೆಯೋ ಶಿಳ್ಳೆ. ಜಂಬಮ್ಮನನ್ನು ಸ್ಟೇಜಿಗೆ ಕರೆದು ಶಾಲು ಹೊದಿಸಿದರು. ತಮ್ಮನ ಪಾತ್ರದ ಟೇಲರ್ ಅಂಜಿನಪ್ಪ ಮುಖದ ಮೇಲೆ ಬಿಳಿ ಬಟ್ಟೆ ಎಳೆದುಕೊಂಡು ಬಿದ್ದಿದ್ದವನು, ಚಹಾದ ಆಸೆಗೆ ಆಗಲೇ ಮೊಣಕೈ ಊರಿದ್ದ. ಮಾಸ್ತರ ಮಂಗಳಕ್ಕೆ ಶ್ರುತಿ ಹಿಡಿದ. ಜ್ಯೋತಿಲಕ್ಷ್ಮಿ ಪರದೆ ಸರಿಸಿಕೊಂಡು ಬಂದು ಅಂಜಿನಪ್ಪನ ಎದೆಯ ಮೇಲೆ ಕೈಯಿಟ್ಟಳು.

"ಏಳಬ್ಯಾಡಣ್ಣಾ. ಸತ್ತಾವ್ರು ಏಳಂಗಿಲ್ಲ."

ಶಿಳ್ಳೆ ನಿಂತಿತು. "ಮಗನೇ, ನಿನ್ನ ಮುಖ ತೋರಿಸು" ಎಂದು ಮೊದಲ ಮಾತು ಹೇಳಿದಳು ಅಷ್ಟೇ. ಅಷ್ಟು ವರ್ಷ ಕಾಪಾಡಿಕೊಂಡಿದ್ದ ಉಳಿದ ಮಾತು ಬೇಕಾಗಲೇ ಇಲ್ಲ. ಶಾಲು ಜಾರಿಸಿ ಬಂದ ಜಂಬಮ್ಮ ಪಕ್ಕದಲ್ಲಿ ಕುಸಿದು ಕುಳಿತು, ಬಿಳಿ ಬಟ್ಟೆ ಸರಿಸಿದಳು. ಬಣ್ಣ ಮೆತ್ತಿದ, ದಪ್ಪ ಮೀಸೆಯ, ಮುದಿ ಟೇಲರನ ಮುಖ. ಅದನ್ನೇ ಎರಡೂ ಕೈಯಲ್ಲಿ ಹಿಡಿದಳು.

"ಯಪ್ಪಾ ರಾಮಾಂಜಿನೀ, ಈಗರ ನೋಡಾಕ ಬಿಟ್ರಪಾ!"

ಎಬ್ಬಿಸಲು ಬಂದವರಿಗೆ ಜ್ಯೋತಿಲಕ್ಷ್ಮಿ ಅಡ್ಡ ನಿಂತಳು. ಮಂಗಳ ಆಗಲಿಲ್ಲ. ಆ ತಾಯಿಯ ಅಳು ಮುಗಿಯುವವರೆಗೂ ಅಂಜಿನಪ್ಪ ಕಣ್ಣು ತೆರೆಯದೆ ಸತ್ತೇ ಇದ್ದ.