ಎಡಗಾಲಿನ ಬಾವು

ಕೋವಿಡ್ ಕಳೆದು ಜನ ಮತ್ತೆ ಧೈರ್ಯವಾಗಿ ಆಸ್ಪತ್ರೆಗೆ ಬರತೊಡಗಿದ್ದ ಕಾಲ. ದಾಂಡೇಲಿಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿದ್ದೆ. ಆ ಬೇಸಿಗೆಯಲ್ಲಿ ನಮ್ಮಲ್ಲಿಗೆ ವೈಬ್ರೇಶನ್ ಯಂತ್ರ ಬಂತು. ಅಗಲವಾದ ಹಲಗೆಯಂಥ ಅದರ ಮೇಲೆ ರೋಗಿ ಮೊಣಕಾಲು ತುಸು ಬಾಗಿಸಿ ನಿಂತರೆ ಅದು ಸಣ್ಣಗೆ ಕಂಪಿಸುತ್ತದೆ. ತೊಡೆಯ ಸ್ನಾಯುಗಳು ತಾವಾಗಿ ಬಿಗಿಯುತ್ತವೆ. ಸವೆದ ಮೊಣಕಾಲನ್ನು ಅದು ಮೊದಲಿನಂತೆ ಮಾಡುವುದಿಲ್ಲ. ವ್ಯಾಯಾಮದ ಜೊತೆಗೆ ಕೊಟ್ಟರೆ ಕೆಲವರಿಗೆ ನೋವು ಇಳಿಯುತ್ತದೆ, ಅಷ್ಟೇ.

ಆ ಕೆಲವರಲ್ಲಿ ಜುಲಿಯಾನಾ ಒಬ್ಬರು. ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸು, ಹೋಂಸ್ಟೇ ಒಂದರಲ್ಲಿ ಅಡುಗೆಯವರು. ದಿನವಿಡೀ ನಿಂತೇ ಕೆಲಸ. ಗೋಡೆ ಹಿಡಿದು ಬಂದವರು ಮಳೆಗಾಲದ ಹೊತ್ತಿಗೆ ಆಸರೆಯಿಲ್ಲದೆ ಮೆಟ್ಟಿಲು ಇಳಿಯುತ್ತಿದ್ದರು.

ಆಮೇಲೆ ಜ್ವರ ಬಂದು ಕೆಲವು ವಾರ ಹಾಸಿಗೆ ಹಿಡಿದರು. ಎದ್ದವರೇ ಗಂಡ ಬಸ್ತ್ಯಾಂವನ ಜೊತೆ ಬಂದು, ರೂಢಿಯಂತೆ ಯಂತ್ರ ಹತ್ತಿ ನಿಂತರು. ನಾನು ಸ್ವಿಚ್ಚಿಗೆ ಕೈ ಹಾಕಬೇಕು, ಅಷ್ಟರಲ್ಲಿ ಸೀರೆಯಂಚಿನ ಕೆಳಗೆ ಕಣ್ಣು ಹೋಯಿತು. ಎಡಗಾಲು ಬಲಗಾಲಿಗಿಂತ ದಪ್ಪವಾಗಿತ್ತು.

"ಅಕ್ಕಾರ, ಇಳೀರಿ. ಇವತ್ತ ಮಷಿನ್ ಬ್ಯಾಡ."

ಕೂರಿಸಿ ಮೀನಖಂಡ ಮುಟ್ಟಿದೆ. ಬಿಸಿಯಾಗಿತ್ತು. ಬೆರಳೊತ್ತಿದಲ್ಲಿ ಗುಳಿ ಹಾಗೇ ಉಳಿಯಿತು. ಮೊಣಕಾಲು ಸವೆದವರಿಗೆ ಬಾವು ಬರುವುದುಂಟು, ಆದರೆ ಹೀಗಲ್ಲ. ವಾರಗಟ್ಟಲೆ ಮಲಗಿಯೇ ಇದ್ದವರಿಗೆ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದುಂಟು, ಅದನ್ನು ಡಿವಿಟಿ ಎನ್ನುತ್ತೇವೆ. ಅದರ ತುಣುಕು ಕಳಚಿ ಶ್ವಾಸಕೋಶ ಸೇರಿದರೆ ಜೀವಕ್ಕೇ ಅಪಾಯ. ಅಂಥ ಅನುಮಾನವಿರುವ ಕಾಲಿಗೆ ಕಂಪನ ಕೊಡುವಂತಿಲ್ಲ, ತಿಕ್ಕುವಂತೆಯೂ ಇಲ್ಲ.

"ಸ್ವಲ್ಪ ನಿಂತ್ರ ಇಳೀತೈತ್ರಿ ಮೇಡಂ. ನಾಳಿಂದ ಕೆಲಸಕ್ಕ ಬರ್ತೇನಿ ಅಂತ ಹೇಳೇನಿ," ಎಂದರು ಜುಲಿಯಾನಾ.

ಬಸ್ತ್ಯಾಂವನಿಗೆ ಸಿಟ್ಟು ಬಂದಿತ್ತು. "ಇಷ್ಟ್ ದಿನ ಇದರಿಂದನ ಆರಾಮ ಆಗೇತಿ. ಇವತ್ಯಾಕ ಬ್ಯಾಡ ಅಂತೀರಿ?"

"ಇದು ಮಣಕಾಲಿನ ಬಾವು ಅಲ್ರಿ. ಧಾರವಾಡಕ್ಕ ಹೋಗಿ ಸ್ಕ್ಯಾನ್ ಮಾಡಿಸಬೇಕು, ಈಗಿಂದೀಗ."

"ನಿಮಗ ಖಾತ್ರಿ ಐತೇನ್ರಿ?"

"ಇಲ್ರಿ. ಖಾತ್ರಿ ಮಾಡ್ಕೊಳ್ಳಾಕನ ಹೋಗೂಣು ಅನ್ನಾಕತ್ತೇನಿ."

ನಮ್ಮ ಡಾಕ್ಟರು ಬಂದು ಕಾಲು ನೋಡಿ, ಕೂಡಲೇ ಆಂಬುಲೆನ್ಸ್ ಕರೆಸಿದರು. ನರ್ಸ್ ಜೊತೆ ನಾನೂ ಹತ್ತಿದೆ. ಹಳಿಯಾಳ ದಾಟುವ ತನಕ ಜುಲಿಯಾನಾ ಅಡುಗೆಮನೆಯ ಮಾತೇ ಆಡುತ್ತಿದ್ದರು. ಆಮೇಲೆ ಮಾತು ನಿಂತಿತು.

"ಉಸಿರು ಸಾಲವಲ್ದ್ರಿ," ಎಂದರು.

ನರ್ಸ್ ಆಕ್ಸಿಜನ್ ಹಚ್ಚಿದಳು. ಬೆರಳಿಗೆ ಸಿಕ್ಕಿಸಿದ ಮಾಪಕದಲ್ಲಿ ಅಂಕಿ ಇಳಿಯುತ್ತಲೇ ಇತ್ತು. ಮುಂದೆ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು. ಡ್ರೈವರ್ ಹಾರ್ನ್ ಒತ್ತುತ್ತ ರಸ್ತೆಯಂಚಿಗೆ ಗಾಡಿ ಇಳಿಸಿ ದಾಟಿಸಿದ. ಬಸ್ತ್ಯಾಂವ ಹೆಂಡತಿಯ ಪಾದವನ್ನು ಅಲುಗದಂತೆ ಹಿಡಿದು ಕೂತಿದ್ದ. ಒಮ್ಮೆಯೂ ನನ್ನತ್ತ ನೋಡಲಿಲ್ಲ.

ಧಾರವಾಡದ ಸ್ಕ್ಯಾನಿನಲ್ಲಿ ಹೆಪ್ಪು ತೊಡೆಯವರೆಗೂ ಕಂಡಿತು. ಒಂದು ತುಣುಕು ಆಗಲೇ ಶ್ವಾಸಕೋಶ ಸೇರಿತ್ತು. ಐಸಿಯುನಲ್ಲಿ ಔಷಧ ಶುರುವಾಯಿತು. ಮರುದಿನ ಸಂಜೆ ಅವರು ಚಹಾ ಕೇಳಿದರೆಂದು ಬಸ್ತ್ಯಾಂವ ಫೋನ್ ಮಾಡಿ ಹೇಳಿದ.

ಕ್ರಿಸ್‌ಮಸ್ ಹೊತ್ತಿಗೆ ಜುಲಿಯಾನಾ ಮರಳಿ ಬಂದರು. ಕುರ್ಚಿಯಲ್ಲಿ ಕೂತು ಕಾಲೆತ್ತುವ ವ್ಯಾಯಾಮದಿಂದ ಮತ್ತೆ ಶುರು ಮಾಡಿದೆವು.

ಒಮ್ಮೆ ಗುಣ ಕೊಟ್ಟ ಚಿಕಿತ್ಸೆಯನ್ನು ಬೇಡವೆನ್ನುವುದು ರೋಗಿಗೂ ಕಷ್ಟ, ನಮಗೂ ಕಷ್ಟ. ಹೋದ ವಾರ ನೋಡಿದ ಕಾಲು ಈ ವಾರವೂ ಹಾಗೇ ಇರುತ್ತದೆಂದು ನಂಬುವಂತಿಲ್ಲ. ಈಗ ಹೊರಗೆ ಎಷ್ಟೇ ಜನ ಕಾಯುತ್ತಿರಲಿ, ಬಂದವರು ಎಷ್ಟೇ ಪರಿಚಯದವರಿರಲಿ, ಎರಡೂ ಕಾಲು ಮುಟ್ಟಿ ನೋಡದೆ ಯಾರನ್ನೂ ನಾನು ಯಂತ್ರ ಹತ್ತಿಸುವುದಿಲ್ಲ.