ಫಾದರ್ ಮೂಲಕ ಹೋದ ಅರ್ಜಿ

ಮೊನ್ನೆ ಕೊಟ್ಟೂರಿನ ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟ್ ಮಾಡಿಸಲು ನಿಂತಾಗ ಶಾಯಿ ಪ್ಯಾಡಿನ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಹೂವು, ಅಡುಗೆ ಇಂಥವು ಹಳೆಯದನ್ನು ನೆನಪಿಸುತ್ತವಂತೆ. ನನ್ನಂಥ ಗುಮಾಸ್ತನಿಗೆ ಸೀಲಿನ ವಾಸನೆಯೇ ಗತಿ. ತಾಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಸವೆಸಿದವನು ನಾನು. ಸೀಲಿಲ್ಲದ ಕಾಗದ ಕಂಡರೆ ಇವತ್ತಿಗೂ ನನಗೆ ಒಂಥರಾ ಕಸಿವಿಸಿ.

ನಮ್ಮದು ಸಣ್ಣ ಊರು, ಹೆಸರು ಬೇಡ ಬಿಡಿ. ಕ್ಯಾಥೊಲಿಕ್ ಮನೆಗಳು ಬೆರಳೆಣಿಕೆಯಷ್ಟು. ಬರೆಯಲು ಬರುತ್ತದೆಂಬ ಒಂದೇ ತಪ್ಪಿಗೆ ಚರ್ಚಿನ ಸಮಿತಿಗೆ ನಾನೇ ಕಾರ್ಯದರ್ಶಿ. ಭಾನುವಾರ ಪೂಜೆ ಮುಗಿಯುವಾಗ ಪ್ರಕಟಣೆ ಓದುವುದೂ ನಾನೇ: ಯಾರ ಮದುವೆ, ಯಾರಿಗೆ ಹುಷಾರಿಲ್ಲ, ಈ ವಾರ ಕಸ ಗುಡಿಸುವ ಪಾಳಿ ಯಾರದು. ಇನ್ನು ಬಿಷಪರಿಗೆ ಏನೇ ಬರೆಯಲಿ, ಮೇಲುಗಡೆ 'ಮೂಲಕ: ಧರ್ಮಕೇಂದ್ರದ ಗುರುಗಳು' ಎಂದು ಹಾಕಿ ಫಾದರ್ ಸಹಿ, ಸೀಲು ಪಡೆದೇ ಕಳಿಸಬೇಕು. ನಮ್ಮಪ್ಪನ ಕಾಲದಿಂದಲೂ ಹೀಗೇ ನಡೆದಿದೆ.

ಎರಡು ವರ್ಷದ ಹಿಂದೆ ಒಂದು ಸಂಜೆ ಸ್ಟೆಲ್ಲಾ ನಮ್ಮ ಮನೆಗೆ ಬಂದಳು. ನಮ್ಮೂರ ಹುಡುಗಿ, ಹಗರಿಬೊಮ್ಮನಹಳ್ಳಿಯಲ್ಲಿ ನರ್ಸ್. ಚಹಾ ಮುಟ್ಟಲಿಲ್ಲ.

"ಮಾಮಾ, ನಾ ಸಣ್ಣಾಕಿ ಇದ್ದಾಗ ಈ ಫಾದರ್ ನನಗ ಮಾಡಬಾರದ್ದು ಮಾಡ್ಯಾರ. ಜಪ ಕಲಸ್ತೀನಿ ಅಂತ ಕರೀತಿದ್ರು. ಈಗ ತಿರುಗಿ ಇದ ಊರಿಗೆ ಬಂದಾರ. ಶನಿವಾರ ಹುಡುಗ್ಯಾರಿಗೆ ಪಾಠ ಸುರು ಮಾಡ್ಯಾರ. ನನ್ನದು ಆಗಿ ಹೋತು, ಆ ಹುಡುಗ್ಯಾರನ್ನ ನೋಡ್ರಿ. ಬಿಷಪರಿಗೆ ಬರದು ಕೊಡ್ರಿ."

ಅಲ್ಲೇ ಕೂತು ಬರೆದೆ. ಮೂರು ಪುಟ, ಒಂದು ಅಕ್ಷರ ತಪ್ಪಿಲ್ಲ. ಕೊನೆಗೆ ಹಳೇ ಕೈ ತಾನಾಗಿ ಮೇಲೆ 'ಮೂಲಕ' ಎಂದು ಸೇರಿಸಿತು. ಅಷ್ಟಕ್ಕೇ ನಿಂತಿದ್ದರೆ ಗೀಟು ಹೊಡೆಯಬಹುದಿತ್ತು. ನಾನು ಕಾಗದ ಹಿಡಿದು ಸೀದಾ ಫಾದರ್ ಮನೆಗೆ ಹೋದೆ! ದೂರು ಅವರ ಮೇಲೆಯೇ ಎಂದು ಗೊತ್ತಿದ್ದೂ ಹೋದೆ. ಕ್ರಮಪ್ರಕಾರ ಬಂದಿಲ್ಲ ಎಂದು ಬಿಷಪರ ಕಚೇರಿಯವರು ವಾಪಸ್ ಕಳಿಸಿದರೆ ಏನು ಗತಿ, ಇದು ನನ್ನ ಬುದ್ಧಿವಂತಿಕೆ.

ಫಾದರ್ ಮೂರೂ ಪುಟ ಓದಿದರು. ಸಿಟ್ಟಾಗಲಿಲ್ಲ. "ಇಟ್ಟು ಹೋಗ್ರಿ, ನಾನೇ ಕಳಸ್ತೀನಿ" ಎಂದರು. ನಾನು ಅವರಿಗೆ ಥ್ಯಾಂಕ್ಸ್ ಹೇಳಿ ಬಂದೆ. ಹೌದು ಮಾರಾಯರೆ, ಥ್ಯಾಂಕ್ಸ್ ಹೇಳಿದೆ.

ಮರುದಿನ ಬೆಳಿಗ್ಗೆ ಅವರು ಸ್ಟೆಲ್ಲಾಳ ತಾಯಿಯ ಮನೆಗೆ ಹೋಗಿ, ಕೂತು ಜಪಮಾಲೆ ಹೇಳಿ, "ನಿಮ್ಮ ಹುಡುಗಿ ತಲಿ ಕೆಟ್ಟೈತಿ, ಪ್ರಾರ್ಥನಾ ಮಾಡ್ರಿ" ಎಂದು ಹೇಳಿದರು. ತಾಯಿ ನಂಬಿದರು. ಅಂದಿನಿಂದ ಮಗಳೊಂದಿಗೆ ಮಾತು ಬಿಟ್ಟರು.

ಸ್ಟೆಲ್ಲಾ ನಮ್ಮ ಬಾಗಿಲ ತನಕ ಬಂದಳು, ಒಳಗೆ ಬರಲಿಲ್ಲ. "ಕಾಗದ ಯಾರ ಕೈಯಾಗ ಕೊಟ್ರಿ, ಮಾಮಾ?"

ಹೇಳಿದೆ.

"ಇಷ್ಟು ವರ್ಷ ಅವರ ಹೆದರಿಕಿಗೇ ಬಾಯಿ ಮುಚ್ಚಿಕೊಂಡಿದ್ದೆ. ನೀವು ಒಯ್ದು ಅವರ ಕೈಯಾಗ ಇಟ್ರಿ." ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವತ್ತಿನ ನಾಚಿಕೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ನಮ್ಮ ಮನೆಯಾಕೆ ಎಲ್ಲ ಕೇಳಿಸಿಕೊಂಡಿದ್ದಳು. "ಇನ್ನೊಂದು ಬರೀರಿ. ಈ ಸಲ ನಾನೂ ಬರ್ತೀನಿ, ನಿಮ್ಮನ್ನ ಒಬ್ಬರನ್ನ ಬಿಡಾಂಗಿಲ್ಲ" ಎಂದಳು. ಇಬ್ಬರೂ ಮನೆಮನೆ ಅಲೆದೆವು. ಕೆಲವರು ಬಾಗಿಲು ತೆಗೆಯಲಿಲ್ಲ. "ಸಹಿ ಮಾಡಿದ್ರ ನಾಳೆ ನಾವು ಸತ್ತಾಗ ಮಣ್ಣು ಮಾಡೋರು ಯಾರ್ರಿ?" ಎಂದರು ಒಬ್ಬ ಹಿರಿಯರು. ಅವರದೂ ತಪ್ಪೆನ್ನಲಾರೆ, ನಮ್ಮ ಹುಟ್ಟು, ಮದುವೆ, ಸಾವು ಎಲ್ಲವೂ ಒಬ್ಬರ ಕೈಯಲ್ಲಿವೆ. ಏಳು ಸಹಿ ಬಿದ್ದವು. ಸೀಲಿಲ್ಲದ ಆ ಕಾಗದವನ್ನು ಕೂಡ್ಲಿಗಿಯಲ್ಲಿ ಅಂಚೆಗೆ ಹಾಕಿದೆವು. ಸ್ಟೆಲ್ಲಾ ಪೊಲೀಸರಿಗೂ ದೂರು ಕೊಟ್ಟಳು. ತಿಂಗಳೊಳಗೆ ಫಾದರ್ ಊರಲ್ಲಿರಲಿಲ್ಲ, ಶನಿವಾರದ ಪಾಠ ನಿಂತಿತು. ಆದರೆ ಬಿಷಪರ ಉತ್ತರ ಬರಲಿಲ್ಲ. ಮೊನ್ನೆ ಕೊಟ್ಟೂರಲ್ಲಿ ಕಳಿಸಿದ್ದು ಮೂರನೇ ನೆನಪೋಲೆ.

ಅದಾದ ಶನಿವಾರ ಹೊಸ ಫಾದರ್ ನನಗೆ ಪ್ರಕಟಣೆಯ ಚೀಟಿ ಕೊಟ್ಟರು. ಹಿಂದಿನವರು ಯಾಕೆ ಹೋದರೆಂದು ಚರ್ಚಿನಲ್ಲಿ ಇಷ್ಟು ದಿನ ಯಾರೂ ಹೇಳಿರಲಿಲ್ಲ. ಕೊನೆಯ ಸಾಲು ಹೀಗಿತ್ತು: 'ಹಿಂದಿನ ಗುರುಗಳು ಅನಾರೋಗ್ಯದ ಕಾರಣ ವಿಶ್ರಾಂತಿಯಲ್ಲಿದ್ದಾರೆ, ಅವರಿಗಾಗಿ ಪ್ರಾರ್ಥಿಸೋಣ.' ಸ್ಟೆಲ್ಲಾಗೆ ಫೋನ್ ಮಾಡಿ ಓದಿ ಹೇಳಿದೆ. "ನನ್ನ ಹೆಸರು ತಗೀಬ್ಯಾಡ್ರಿ ಮಾಮಾ. ಆದ್ರ ಸುಳ್ಳು ಓದಬ್ಯಾಡ್ರಿ" ಎಂದಳು.

ಭಾನುವಾರ ಅವಳು ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ತಾಯಿ ಮುಂದಿನ ಸಾಲಿನಲ್ಲಿದ್ದರು. ಮದುವೆ ಓದಿದೆ, ಪಾಳಿ ಓದಿದೆ, ಚೀಟಿ ಮಡಚಿದೆ.

"ಇನ್ನೊಂದು ಸಾಲು ಐತ್ರಿ, ಅದನ್ನ ಓದಾಂಗಿಲ್ಲ. ಹಿಂದಿನ ಫಾದರ್ ಹೋಗಿದ್ದು ಆರಾಮಿಲ್ಲ ಅಂತ ಅಲ್ಲ. ಅವರ ಮ್ಯಾಲ ಹೆಣ್ಣುಮಗಳೊಬ್ಬಾಕಿ ದೂರು ಕೊಟ್ಟಾಳ. ಆಕಿ ತಲಿ ನೆಟ್ಟಗೈತಿ. ಮೊದಲನೇ ಕಾಗದ ಅವರ ಕೈಯಾಗ ಕೊಟ್ಟಾಂವ ನಾನು, ತಪ್ಪು ನಂದು. ಬಿಷಪರ ಉತ್ತರ ಬರೋ ತನಕ ವಾರಾ ವಾರಾ ಇದನ್ನ ಹೇಳ್ತೀನಿ."

ಹೊಸ ಫಾದರ್ ಮೈಕು ಆರಿಸಿದರು. ಆಮೇಲೆ ಮುಂದಿನ ಸಾಲಿನಿಂದ ಸ್ಟೆಲ್ಲಾಳ ತಾಯಿ ಎದ್ದರು. ಹೊರಗೆ ನಡೆದರೆಂದುಕೊಂಡೆ. ಅವರು ಹಿಂದಿನ ಬೆಂಚಿನ ತನಕ ಹೋಗಿ ನಿಂತರು. ಎರಡು ವರ್ಷದಲ್ಲಿ ಮಗಳಿಗೆ ಆಡಿದ ಮೊದಲ ಮಾತು ನನಗೂ ಕೇಳಿಸಿತು.

"ಅತ್ತಾಗ ಸರಿಯವ್ವ, ಕುಂದರ್ತೀನಿ."